‘ಜನಪ್ರಿಯತೆ’ಯೋ ‘ಒಪ್ಪಿಗೆ’ಯೋ: ಅಮೆರಿಕದ ಅಧ್ಯಕ್ಷರ ಸಮೀಕ್ಷೆಗಳ ಕನ್ನಡ ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷರ ಕೆಲಸದ ಬಗ್ಗೆ ಅಲ್ಲಿನ ಜನರ ಅಭಿಪ್ರಾಯ ಕಾಲದಿಂದ ಕಾಲಕ್ಕೆ ಹೇಗೆ ಏರಿಳಿದಿದೆ ಎಂಬುದನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಎದುರಾಗುವ ‘ಅಪ್ರೂವಲ್ ರೇಟಿಂಗ್’ (ಅಧ್ಯಕ್ಷರ ಕೆಲಸವನ್ನು ಒಪ್ಪುವವರು ನೂರಕ್ಕೆ ಎಷ್ಟು ಎಂಬ ಲೆಕ್ಕ) ಎಂಬ ಮಾತಿಗೆ ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ‘ಜನಪ್ರಿಯತೆ’ ಎಂದು ಬರೆಯುತ್ತವೆ. ಕೆಲವೊಮ್ಮೆ ‘ಅನುಮೋದನೆ ರೇಟಿಂಗ್’ ಎಂಬುದೂ ಕಾಣಿಸುತ್ತದೆ. ಇವೆರಡರಲ್ಲಿ ಯಾವುದೂ ಅಲ್ಲಿ ಅಳೆಯುವ ಸಂಗತಿಯನ್ನು ಹೇಳುವುದಿಲ್ಲ ಎಂಬುದು ನನ್ನ ಅನಿಸಿಕೆ. ನನ್ನ ಕಾರಣಗಳನ್ನು ಮುಂದಿಡುತ್ತೇನೆ. ಪದವನ್ನು ಗಟ್ಟಿ ಮಾಡಿಕೊಡುವ ಕೆಲಸ ಬಳಗದ್ದು.

ಮೊದಲು ಆ ಪ್ರಶ್ನೆಯನ್ನೇ ನೋಡಬೇಕು. 1930ರ ದಶಕದಲ್ಲಿ ಜಾರ್ಜ್ ಗ್ಯಾಲಪ್ ಆರಂಭಿಸಿದ ಸಮೀಕ್ಷೆಗಳಲ್ಲಿ ಆಗಿನ ಅಧ್ಯಕ್ಷ ರೂಸ್ವೆಲ್ಟ್ ಅವರ ಬಗ್ಗೆ ಕೇಳುವಾಗ ಪ್ರಶ್ನೆಯ ಮಾತುಗಳು ಅಷ್ಟಿಷ್ಟು ಬದಲಾಗುತ್ತಿದ್ದವು. ಅವರ ನಂತರ ಬಂದ ಟ್ರೂಮನ್ ಅವರ ಕಾಲಕ್ಕೆ ಅದು ಒಂದು ರೂಪಕ್ಕೆ ಬಂದು ನಿಂತಿತು: ‘ಇಂಥವರು ಅಧ್ಯಕ್ಷರಾಗಿ ತಮ್ಮ ಕೆಲಸವನ್ನು ನಿಭಾಯಿಸುತ್ತಿರುವ ರೀತಿಯನ್ನು ನೀವು ಒಪ್ಪುತ್ತೀರೋ, ಒಪ್ಪುವುದಿಲ್ಲವೋ?’ ಮುಂದಿನ ದಶಕಗಳಲ್ಲಿ ಆ ಜಾಗದಲ್ಲಿ ಹೆಸರು ಮಾತ್ರ ಬದಲಾಯಿತು. ಪ್ರಶ್ನೆ ಹಾಗೆಯೇ ಉಳಿದದ್ದರಿಂದಲೇ 1945ರ ಅಂಕಿಯನ್ನು 2020ರ ಅಂಕಿಯ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗಿದೆ. ಉತ್ತರಗಳು ಮೂರು ಗುಂಪಿಗೆ ಬೀಳುತ್ತವೆ: ಒಪ್ಪುವವರು, ಒಪ್ಪದವರು, ಏನನ್ನೂ ಹೇಳಲಾಗದವರು. ಆ ವ್ಯಕ್ತಿ ನಿಮಗೆ ಇಷ್ಟವೇ, ಮತ್ತೆ ಅವರಿಗೇ ಮತ ಹಾಕುತ್ತೀರಾ, ಅವರು ನಂಬಿಕಸ್ಥರೇ ಎಂಬ ಯಾವ ಮಾತೂ ಈ ಪ್ರಶ್ನೆಯಲ್ಲಿಲ್ಲ.

‘ಜನಪ್ರಿಯತೆ’ ಎಂಬ ಪದ ಎಡವುವುದು ಇಲ್ಲಿಯೇ. ಜನಕ್ಕೆ ಪ್ರಿಯನಾದವನು ಜನಪ್ರಿಯ. ಅದರಲ್ಲಿ ವ್ಯಕ್ತಿಯ ಮೇಲಿನ ಪ್ರೀತಿ ಇದೆ. 1998ರ ಡಿಸೆಂಬರ್ 19ರಂದು ಅಮೆರಿಕದ ಸಂಸತ್ತಿನ ಕೆಳಮನೆಯು ಬಿಲ್ ಕ್ಲಿಂಟನ್ ಅವರ ವಾಗ್ದಂಡನೆಗೆ ಮತ ನೀಡಿತು. ಅದರ ಬೆನ್ನಿಗೇ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಕೆಲಸವನ್ನು ಒಪ್ಪಿದವರು ಶೇ. 73, ಅವರ ಎಂಟು ವರ್ಷಗಳ ಆಡಳಿತದಲ್ಲೇ ಇದು ಅತಿ ಹೆಚ್ಚಿನದು. ಅದೇ ಕಾಲದಲ್ಲಿ, ಅವರು ಪ್ರಾಮಾಣಿಕರೇ ಎಂದು ಕೇಳಿದರೆ ಬಹುಪಾಲು ಜನ ಅಲ್ಲವೆನ್ನುತ್ತಿದ್ದರು. ಇಲ್ಲಿ ‘ವಾಗ್ದಂಡನೆಯ ದಿನಗಳಲ್ಲಿ ಕ್ಲಿಂಟನ್ ಜನಪ್ರಿಯತೆ ಗರಿಷ್ಠ ಮಟ್ಟಕ್ಕೆ’ ಎಂದು ಬರೆದರೆ, ಓದುಗರು ಅಮೆರಿಕನ್ನರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುವುದು ಸಹಜ. ‘ಕೆಲಸವನ್ನು ಒಪ್ಪುವವರು ಶೇ. 73’ ಎಂದರೆ ಆ ಗೋಜಲೇ ಇರುವುದಿಲ್ಲ: ಮನುಷ್ಯನ ನಡತೆಯ ಬಗ್ಗೆ ಬೇಸರ, ಆರ್ಥಿಕತೆ ಚೆನ್ನಾಗಿದ್ದ ದಿನಗಳಲ್ಲಿ ಆಡಳಿತದ ಬಗ್ಗೆ ಸಮಾಧಾನ.

ಈ ತಪ್ಪು ಅಮೆರಿಕದ ಸುದ್ದಿಗಷ್ಟೇ ಸೀಮಿತವಲ್ಲ. ಮಾರ್ನಿಂಗ್ ಕನ್ಸಲ್ಟ್ ಎಂಬ ಅಮೆರಿಕದ ಸಂಸ್ಥೆಯು ಹಲವು ದೇಶಗಳ ನಾಯಕರ ಬಗ್ಗೆ ಅವರವರ ದೇಶದ ಜನರನ್ನೇ ಕೇಳಿ ಪಟ್ಟಿ ಪ್ರಕಟಿಸುತ್ತದೆ. ಆ ಪಟ್ಟಿ ನಮ್ಮಲ್ಲಿ ‘ಜಗತ್ತಿನ ಅತ್ಯಂತ ಜನಪ್ರಿಯ ನಾಯಕ’ ಎಂಬ ತಲೆಬರಹವಾಗುತ್ತದೆ. ಭಾರತದ ಪ್ರಧಾನಿಯ ಬಗ್ಗೆ ಭಾರತದವರು, ಅದರಲ್ಲೂ ಅಕ್ಷರಸ್ಥರಾದವರು, ಕೊಟ್ಟ ಉತ್ತರ ಅದು, ಜಗತ್ತು ಕೊಟ್ಟದ್ದಲ್ಲ. ಯಾರ ಪರ, ಯಾರ ವಿರೋಧ ಎಂಬ ಮಾತು ಇಲ್ಲಿ ಬೇಡ. ‘ಸ್ವದೇಶದಲ್ಲಿ ಒಪ್ಪುವವರ ಪ್ರಮಾಣ ಅತಿ ಹೆಚ್ಚಿರುವ ನಾಯಕ’ ಎಂದು ಬರೆದಿದ್ದರೆ ಸುದ್ದಿಯೂ ಸರಿಯಾಗಿರುತ್ತಿತ್ತು, ಹೆಮ್ಮೆ ಪಡುವವರಿಗೂ ಕೊರತೆಯಾಗುತ್ತಿರಲಿಲ್ಲ.

‘ಅನುಮೋದನೆ’ಯ ತೊಡಕು ಬೇರೆ ಬಗೆಯದು. ಸಹಕಾರ ಸಂಘದ ಸಭೆಯಲ್ಲಿ ಠರಾವಿಗೆ ಒಬ್ಬರು ಸೂಚಕರು, ಇನ್ನೊಬ್ಬರು ಅನುಮೋದಕರು. ಯೋಜನೆಗೆ ಸಚಿವ ಸಂಪುಟದ ಅನುಮೋದನೆ. ನಕ್ಷೆಗೆ ನಗರಸಭೆಯ ಅನುಮೋದನೆ. ಅಧಿಕಾರ ಇರುವವರು ಒಮ್ಮೆ ಕೊಟ್ಟು ಮುಗಿಸುವ ಕ್ರಿಯೆ ಅದು. ತಿಂಗಳು ತಿಂಗಳು ಏರಿಳಿಯುವಂಥದ್ದಲ್ಲ. ಅಮೆರಿಕದ ವಿಷಯದಲ್ಲಂತೂ ಗೊಂದಲ ಹೆಚ್ಚು, ಏಕೆಂದರೆ ಅಧ್ಯಕ್ಷರು ಸೂಚಿಸಿದ ಸಚಿವರನ್ನೂ ನ್ಯಾಯಮೂರ್ತಿಗಳನ್ನೂ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ನಿಜವಾಗಿಯೂ ‘ಅನುಮೋದಿಸು’ತ್ತದೆ. ಇದರ ಜೊತೆಗೆ ಷಷ್ಠಿ ವಿಭಕ್ತಿಯ ಸಮಸ್ಯೆ. ‘ಅಧ್ಯಕ್ಷರ ಅನುಮೋದನೆ ಶೇ. 43ಕ್ಕೆ ಇಳಿಕೆ’ ಎಂದು ಓದಿದವರಿಗೆ, ಅಧ್ಯಕ್ಷರು ಯಾವುದಕ್ಕೋ ಅನುಮೋದನೆ ಕೊಟ್ಟರು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಒಪ್ಪಿಗೆಯನ್ನು ಕೊಡುವವರು ಜನ, ಪಡೆಯುವವರು ಅಧ್ಯಕ್ಷರು ಎಂಬುದು ‘ಅಧ್ಯಕ್ಷರ’ ಎಂಬ ರೂಪದಿಂದ ತಿಳಿಯುವುದಿಲ್ಲ. ‘ಅಧ್ಯಕ್ಷರ ಒಪ್ಪಿಗೆ’ ಎಂದರೂ ಇದೇ ಪಾಡು, ಮಸೂದೆಗೆ ಅಂಕಿತ ಹಾಕಿದರೋ ಎನ್ನುವಂತೆ.

ಉಳಿದ ಪದಗಳಲ್ಲಿ ‘ಮೆಚ್ಚುಗೆ’ ಸೊಗಸಾಗಿದೆ, ಆದರೆ ಅಗತ್ಯಕ್ಕಿಂತ ಬೆಚ್ಚಗಿದೆ. ಅರೆಮನಸ್ಸಿನಿಂದ ‘ಪರವಾಗಿಲ್ಲ’ ಎಂದವರೂ ಈ ಲೆಕ್ಕದಲ್ಲಿ ಸೇರುತ್ತಾರೆ, ಅವರು ಮೆಚ್ಚಿದವರಲ್ಲ. ‘ವರ್ಚಸ್ಸು’ ಶೇಕಡಾ ಲೆಕ್ಕಕ್ಕೆ ಸಿಗುವ ವಸ್ತುವಲ್ಲ. ‘ಜನಮತ’ ಎಂದರೆ ಮತದಾನದ ನೆನಪು, ‘ಜನಾದೇಶ’ವಂತೂ ಚುನಾವಣೆಯ ಫಲಿತಾಂಶವೇ. ‘ತೃಪ್ತಿ’ಯನ್ನು ಬೇರೆ ಕಡೆಗೆ ಎತ್ತಿಡಬೇಕು; ನಮ್ಮ ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷೆಗಳು ಕೇಂದ್ರ ಸರ್ಕಾರದ ಕೆಲಸದ ಬಗ್ಗೆ ತೃಪ್ತಿ ಇದೆಯೇ ಎಂದು ಕೇಳುತ್ತವೆ, ಬ್ರಿಟನ್ನಿನಲ್ಲಿಯೂ ಪ್ರಧಾನಿಯ ಬಗ್ಗೆ ಹಾಗೆ ಕೇಳುವ ರೂಢಿ ಇದೆ. ಅವು ಬೇರೆ ಪ್ರಶ್ನೆಗಳಾದ್ದರಿಂದ ಅವುಗಳ ಅಂಕಿಗಳನ್ನು ಅಮೆರಿಕದ ಅಂಕಿಗಳ ಜೊತೆ ಬೆರೆಸಲಾಗದು. ಕೊನೆಗೆ ನನ್ನ ಮುಂದೆ ಉಳಿದದ್ದು ‘ಜನಸಮ್ಮತಿ’ ಮತ್ತು ‘ಒಪ್ಪುವವರ ಪ್ರಮಾಣ’. ತಲೆಬರಹಕ್ಕೆ ಮೊದಲನೆಯದು, ವಾಕ್ಯದೊಳಗೆ ಎರಡನೆಯದು ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಕನ್ನಡದ ಜಾಯಮಾನಕ್ಕೆ ಭಾವನಾಮದ ಸರಪಳಿಗಿಂತ ‘ಒಪ್ಪುವವರು’, ‘ಒಪ್ಪದವರು’ ಎಂಬ ಕೃದಂತಗಳೇ ಹಗುರ. ಇವೆರಡರ ವ್ಯತ್ಯಾಸವನ್ನು ‘ನಿವ್ವಳ ಸಮ್ಮತಿ’ ಎನ್ನಬಹುದು. ಒಪ್ಪುವವರು 41, ಒಪ್ಪದವರು 54 ಆದರೆ ನಿವ್ವಳ ಸಮ್ಮತಿ ಮೈನಸ್ 13.

ಇನ್ನು ಏರಿಳಿತದ ಕ್ರಿಯಾಪದಗಳು. ನಾಮಪದಕ್ಕಿಂತ ಇವೇ ನನ್ನನ್ನು ಹೆಚ್ಚು ಕಾಡಿವೆ, ಏಕೆಂದರೆ ಸುದ್ದಿಮನೆಯ ಕನ್ನಡದಲ್ಲಿ ಎಲ್ಲ ಇಳಿಕೆಯೂ ‘ಕುಸಿತ’, ಎಲ್ಲ ಏರಿಕೆಯೂ ‘ಜಿಗಿತ’. ಇತಿಹಾಸದಲ್ಲಿ ಇಳಿಕೆಗಳು ಒಂದೇ ಬಗೆಯವಲ್ಲ. ಜೆರಾಲ್ಡ್ ಫೋರ್ಡ್ 1974ರ ಆಗಸ್ಟ್‌ನಲ್ಲಿ ಅಧಿಕಾರಕ್ಕೆ ಬಂದಾಗ ಒಪ್ಪುವವರು ಶೇ. 71; ಸೆಪ್ಟೆಂಬರ್ 8ರಂದು ಅವರು, ವಾಟರ್‌ಗೇಟ್ ಹಗರಣದಿಂದ ರಾಜೀನಾಮೆ ಕೊಟ್ಟಿದ್ದ ಹಿಂದಿನ ಅಧ್ಯಕ್ಷ ನಿಕ್ಸನ್ ಅವರಿಗೆ ಕ್ಷಮಾದಾನ ನೀಡಿದರು, ತಿಂಗಳ ಕೊನೆಯ ಹೊತ್ತಿಗೆ ಶೇ. 50. ಒಂದೇ ನಿರ್ಧಾರದಿಂದ ನೆಲ ಜರುಗಿದ ಇಂಥದ್ದನ್ನು ಕುಸಿತ ಎಂದರೆ ಸರಿ. ಟ್ರೂಮನ್ ಅವರದು ಹಾಗಲ್ಲ. 1945ರ ಜೂನ್‌ನಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿದ ಬೆನ್ನಿಗೆ, ಶೇ. 87 ಇದ್ದದ್ದು ಮಧ್ಯೆ ಮತ್ತೆ ಮತ್ತೆ ಚೇತರಿಸಿಕೊಂಡರೂ ಕೊರಿಯಾ ಯುದ್ಧ ಎಳೆಯುತ್ತ ಹೋದ 1952ರ ಫೆಬ್ರವರಿಯಲ್ಲಿ ಶೇ. 22ಕ್ಕೆ ಬಂತು. ನಿಕ್ಸನ್ ರಾಜೀನಾಮೆ ಕೊಟ್ಟಾಗಲೂ ಶೇ. 24 ಇತ್ತು ಎಂಬುದನ್ನು ನೆನೆದರೆ ಆ 22ರ ಆಳ ತಿಳಿಯುತ್ತದೆ.

ಈ ನಿಧಾನದ ಇಳಿಕೆಗೆ ರಾಜ್ಯಶಾಸ್ತ್ರಜ್ಞ ಜಾನ್ ಮ್ಯೂಲರ್ 1970ರಲ್ಲಿ ಪ್ರಕಟಿಸಿದ, ಟ್ರೂಮನ್‌ರಿಂದ ಜಾನ್ಸನ್‌ವರೆಗಿನ ಅಂಕಿಗಳನ್ನು ಪರಿಶೀಲಿಸಿದ ಪ್ರಬಂಧದಲ್ಲಿ ಒಂದು ವಿವರಣೆ ಇದೆ. ಅಧ್ಯಕ್ಷರು ಕೈಗೊಳ್ಳುವ ಒಂದೊಂದು ನಿರ್ಧಾರವೂ ಯಾವುದೋ ಒಂದು ಸಣ್ಣ ಗುಂಪನ್ನು ನೋಯಿಸುತ್ತದೆ. ಇಂದು ರೈತರು, ನಾಳೆ ಕಾರ್ಮಿಕರು, ನಾಡಿದ್ದು ವ್ಯಾಪಾರಿಗಳು. ಒಂದೊಂದೇ ಆಗಿ ಈ ಗುಂಪುಗಳು ಸೇರಿ ದೊಡ್ಡ ವಿರೋಧವಾಗುತ್ತವೆ, ಅಧ್ಯಕ್ಷರು ಯಾವ ದೊಡ್ಡ ತಪ್ಪನ್ನೂ ಮಾಡದಿದ್ದರೂ ಸಹ. ಇದಕ್ಕೆ ‘ಸವೆ’ ಎಂಬ ಕನ್ನಡ ಧಾತುವಿಗಿಂತ ಒಳ್ಳೆಯದು ನನಗೆ ಕಾಣಲಿಲ್ಲ: ‘ಜಾನ್ಸನ್ ಅವರ ಜನಸಮ್ಮತಿ ವರ್ಷದಿಂದ ವರ್ಷಕ್ಕೆ ಸವೆಯಿತು.’ ಅಧಿಕಾರದ ಮೊದಲ ತಿಂಗಳುಗಳ ಸಹನೆಗೆ ಪತ್ರಿಕೆಗಳು ಬಳಸುವ ‘ಮಧುಚಂದ್ರದ ಅವಧಿ’ ಎರವಲಾದರೂ ಈಗ ನಮ್ಮದೇ ಆಗಿದೆ; ಅದನ್ನು ಬಿಡಬೇಕಾಗಿಲ್ಲ.

ಏರಿಕೆಗಳ ಪೈಕಿ ದೊಡ್ಡದೊಂದಕ್ಕೆ ಮಾತ್ರ ಹೆಸರು ಬೇಕಾಗಿದೆ. ದೇಶಕ್ಕೆ ಹೊರಗಿನಿಂದ ಆಪತ್ತು ಬಂದಾಗ ಜನ ಜಗಳ ಮರೆತು ಅಧ್ಯಕ್ಷರ ಹಿಂದೆ ನಿಲ್ಲುವುದನ್ನು ಅಮೆರಿಕನ್ನರು ಬಾವುಟದ ಸುತ್ತ ನೆರೆಯುವುದು ಎನ್ನುತ್ತಾರೆ. ಮ್ಯೂಲರ್ ಅವರ ಪ್ರಬಂಧದಲ್ಲಿ ಇದಕ್ಕೂ ಜಾಗವಿದೆ. ‘ಧ್ವಜದ ಸುತ್ತ ಜಮಾವಣೆ ಪರಿಣಾಮ’ ಎಂದರೆ ಸ್ವಾತಂತ್ರ್ಯ ದಿನಾಚರಣೆಯ ವರದಿಯಂತೆ ಕೇಳುತ್ತದೆ. 2001ರ ಸೆಪ್ಟೆಂಬರ್ 11ಕ್ಕೆ ಮುಂಚಿನ ದಿನಗಳಲ್ಲಿ ಕಿರಿಯ ಬುಷ್ ಅವರನ್ನು ಒಪ್ಪುತ್ತಿದ್ದವರು ಶೇ. 51, ಅದೇ ತಿಂಗಳು ಮುಗಿಯುವುದರೊಳಗೆ ಶೇ. 90. ಗ್ಯಾಲಪ್ ದಾಖಲೆಯಲ್ಲಿ ಅದಕ್ಕಿಂತ ಮೇಲೆ ಯಾರೂ ಹೋಗಿಲ್ಲ. 1979ರ ನವೆಂಬರ್‌ನಲ್ಲಿ ತೆಹ್ರಾನಿನ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದಾಗ ಕಾರ್ಟರ್ ಅವರ ಅಂಕಿ ಮೂವತ್ತರ ಆಸುಪಾಸಿನಿಂದ ಕೆಲವೇ ವಾರಗಳಲ್ಲಿ ಐವತ್ತನ್ನು ದಾಟಿತು. 1961ರಲ್ಲಿ ಅಮೆರಿಕದ ಬೆಂಬಲದಿಂದ ಕ್ಯೂಬಾದ ಮೇಲೆ ನಡೆದ ದಾಳಿ ಮಣ್ಣುಗೂಡಿದ ಮೇಲೂ ಕೆನಡಿ ಅವರ ಅಂಕಿ ಶೇ. 83ಕ್ಕೆ ಏರಿತು, ಸೋತರೂ ಏರುವ ಅಂಕಿಯನ್ನು ಜನಪ್ರಿಯತೆ ಎನ್ನುವುದು ಹೇಗೆ? ಇದನ್ನೆಲ್ಲ ಓದುವಾಗ ನನಗೆ ಘೋಷಯಾತ್ರೆಯ ಪ್ರಸಂಗ ನೆನಪಾಗುತ್ತದೆ. ಗಂಧರ್ವರು ದುರ್ಯೋಧನನನ್ನು ಸೆರೆಹಿಡಿದಾಗ, ಒಳಜಗಳದಲ್ಲಿ ಅವರು ನೂರ್ವರು, ನಾವು ಐವರು. ಹೊರಗಿನವರು ಬಂದರೆ ನಾವು ನೂರೈವರು ಎಂದನಲ್ಲ ಧರ್ಮರಾಯ, ಇದು ಆ ಮಾತೇ. ‘ನೂರೈವರ ಏರಿಕೆ’ ಎಂದು ನಾನು ಕರಡಿನಲ್ಲಿ ಬರೆದುಕೊಂಡಿದ್ದೇನೆ. ತಾಂತ್ರಿಕ ಪದವಾಗಿ ಇದು ನಿಲ್ಲುತ್ತದೆಯೋ, ಹರಿಕಥೆಯಾಯಿತು ಎನ್ನುತ್ತೀರೋ, ನೀವೇ ಹೇಳಬೇಕು. ನಿಲ್ಲದಿದ್ದರೆ ‘ಆಪತ್ಕಾಲದ ಏರಿಕೆ’ ಇದ್ದೇ ಇದೆ.

ಇಂಥ ಏರಿಕೆ ಉಳಿಯುವುದಿಲ್ಲ, ಅದು ‘ಕರಗುತ್ತದೆ’. ಹಿರಿಯ ಬುಷ್ ಅವರು 1991ರಲ್ಲಿ ಕೊಲ್ಲಿ ಯುದ್ಧ ಗೆದ್ದ ಬೆನ್ನಿಗೆ ಶೇ. 89 ಮುಟ್ಟಿದರು. 1992ರ ಜೂನ್‌ನಲ್ಲಿ ನಿರುದ್ಯೋಗ ಶೇ. 7.8ಕ್ಕೆ ಹೋಯಿತು; ಆ ಬೇಸಿಗೆ ಮುಗಿಯುವ ಮುನ್ನ ಅವರನ್ನು ಒಪ್ಪುವವರು ಶೇ. 29, ನವೆಂಬರ್‌ನಲ್ಲಿ ಸೋಲು. ಮಗನದೂ ಅದೇ ದಾರಿ: 2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ದಾಳಿ ಮಾಡಿದಾಗ ಮತ್ತೆ ಏರಿದರೂ ಅದು ಶೇ. 71ಕ್ಕೆ ನಿಂತಿತು, ಸದ್ದಾಂ ಸೆರೆಯಾದಾಗ ಇನ್ನೂ ಚಿಕ್ಕ ಏರಿಕೆ, 2008ರ ಆರ್ಥಿಕ ಬಿಕ್ಕಟ್ಟಿನ ಹೊತ್ತಿಗೆ ಶೇ. 25.

ಲೆಕ್ಕದ ಭಾಷೆಯ ಒಂದು ತಕರಾರನ್ನೂ ಇಲ್ಲಿಯೇ ಹೇಳಬೇಕು. 51ರಿಂದ 90ಕ್ಕೆ ಏರಿದ್ದನ್ನು ‘ಶೇ. 39ರಷ್ಟು ಏರಿಕೆ’ ಎಂದು ಬರೆಯುವುದು ರೂಢಿ. ಆದರೆ 51ರ ಮೇಲೆ 39 ಎಂದರೆ ಸುಮಾರು ಶೇ. 76ರಷ್ಟು ಹೆಚ್ಚಳ. ಎರಡು ಶೇಕಡಾ ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ಪ್ರತ್ಯೇಕ ಪದ ಬೇಕೇ ಬೇಕು. ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಬದಲಿಸಿದಾಗ ವಾಣಿಜ್ಯ ಪುಟಗಳು ‘25 ಮೂಲಾಂಶ’ (ಅಂದರೆ ಶೇ. 6 ಇದ್ದ ದರ ಶೇ. 6.25 ಆಗುವಷ್ಟು) ಎಂದು ಬರೆದು ಓದುಗರನ್ನು ಆಗಲೇ ಅರ್ಧ ದಾರಿಗೆ ತಂದಿವೆ. ಹಾಗಾಗಿ ಇಲ್ಲಿ ‘39 ಶೇಕಡಾಂಶ’, ಸಂದರ್ಭ ಸ್ಪಷ್ಟವಿದ್ದರೆ ‘39 ಅಂಶ’ ಎನ್ನಬಹುದೆಂದು ನನ್ನ ಸಲಹೆ. ನಮ್ಮ ಚುನಾವಣಾ ವರದಿಗಳ ‘ಶೇ. 4ರಷ್ಟು ಮತ ಹೆಚ್ಚಳ’ಕ್ಕೂ ಇದೇ ಮದ್ದು.

ಈ ಪದ ಈಗ ಹೆಚ್ಚು ಅಗತ್ಯವಾಗಲು ಕಾರಣವಿದೆ. ಕಿರಿಯ ಬುಷ್ ಅವರ ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವೆ 65 ಅಂಶಗಳ ಅಂತರವಿತ್ತು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಗ್ಯಾಲಪ್ ಅಂಕಿ 34 ಮತ್ತು 49ರ ನಡುವೆಯೇ ಆಡಿತು, ಒಮ್ಮೆಯೂ 50ನ್ನು ಮುಟ್ಟಲಿಲ್ಲ. ಬೈಡನ್ 57ರಲ್ಲಿ ಆರಂಭಿಸಿ, 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದ ಮೇಲೆ ನಲವತ್ತರ ಆಚೀಚೆಗೆ ಇಳಿದು ಬಹುಕಾಲ ಅಲ್ಲಿಯೇ ಉಳಿದರು. ತಮ್ಮ ಪಕ್ಷದವರನ್ನು ಏನಾದರೂ ಒಪ್ಪುವ, ಎದುರು ಪಕ್ಷದವರನ್ನು ಏನು ಮಾಡಿದರೂ ಒಪ್ಪದ ಮತದಾರರು ಹೆಚ್ಚಿದಂತೆ, ಏರಲೂ ಇಳಿಯಲೂ ಜಾಗ ಕಡಿಮೆಯಾಗಿದೆ. ಸಾವಿರ ಜನರನ್ನು ಕೇಳಿ ಮಾಡುವ ಸಮೀಕ್ಷೆಯಲ್ಲಿ ಎರಡೂ ಕಡೆಗೆ ಮೂರ್ನಾಲ್ಕು ಅಂಶಗಳ ಹೆಚ್ಚುಕಡಿಮೆ ಇದ್ದದ್ದೇ. ಹೀಗಿರುವಾಗ 43ರಿಂದ 41ಕ್ಕೆ ಬಂದದ್ದನ್ನು ‘ಭಾರೀ ಕುಸಿತ’ ಎಂದು ಬರೆದರೆ, ಫೋರ್ಡ್ ಅವರದಕ್ಕೆ ಪದವೇ ಉಳಿಯುವುದಿಲ್ಲ. ‘ಹೆಚ್ಚುಕಡಿಮೆ ಹಾಗೆಯೇ ಇದೆ’ ಎಂಬ ವಾಕ್ಯ ತಲೆಬರಹಕ್ಕೆ ಸಪ್ಪೆಯಾದರೂ ಸತ್ಯಕ್ಕೆ ಹತ್ತಿರ.

ಬಳಗದಿಂದ ನಾನು ಮುಖ್ಯವಾಗಿ ಬಯಸುವುದು ಎರಡು ಉತ್ತರ. ‘ಜನಸಮ್ಮತಿ’ ಎಂಬುದನ್ನು ಓದಿದಾಗ ನಿಮಗೆ ಎಲ್ಲರೂ ಒಪ್ಪಿದರು, ಅಂದರೆ ಸರ್ವಸಮ್ಮತಿ, ಎಂಬ ಛಾಯೆ ಬರುತ್ತದೆಯೇ? ಬರುವುದಾದರೆ ‘ಶೇ. 36ರ ಜನಸಮ್ಮತಿ’ ಎನ್ನುವುದು ವಿಚಿತ್ರವಾಗುತ್ತದೆ, ಆಗ ಅದನ್ನು ಕೈಬಿಟ್ಟು ‘ಒಪ್ಪುವವರ ಪ್ರಮಾಣ’ವನ್ನೇ ತಲೆಬರಹಕ್ಕೂ ಬಳಸುತ್ತೇನೆ. ಇನ್ನೊಂದು, ‘ಶೇಕಡಾಂಶ’ ಎಂಬ ಸಂಧಿರೂಪವನ್ನು ಗಣಿತದ ಪಠ್ಯಗಳಲ್ಲಿ ಬೇರೆ ಅರ್ಥದಲ್ಲಿ ಕಂಡವರಿದ್ದರೆ ದಯವಿಟ್ಟು ತಿಳಿಸಿ. ಹಾಗಿದ್ದಲ್ಲಿ ಬಿಡಿಸಿ ‘ಶೇಕಡಾ ಅಂಶ’ ಎಂದೇ ಬರೆಯುತ್ತೇನೆ.