ಆರಿಯಸ್ (ರೋಮನ್ ಚಿನ್ನದ ಕಾಸು) ಹಿಂಬದಿಯಲ್ಲಿ ತಕ್ಕಡಿ ಹಿಡಿದವಳು ಯಾರು?

ಹಾಸನ_ಕಾಸು:
ಹಳೆಯ ಕಾಸಿನ ಸರದ ನಡುವಿನ ಕಾಸು. ಒಂದು ಬದಿ ಗಡ್ಡದ ತಲೆ, ‘ಆಂಟೋನಿನಸ್’ ಅಂತ ಓದಲು ಬರುತ್ತೆ. ಇನ್ನೊಂದು ಬದಿ ನಿಂತ ಹೆಂಗಸು, ಒಂದು ಕೈಲಿ ತಕ್ಕಡಿ, ಇನ್ನೊಂದರಲ್ಲಿ ಕೊಂಬಿನಂಥದ್ದು. ಬೆಸೆದ ಕೊಂಡಿ ಸೇರಿ 7.62 ಗ್ರಾಂ, ಅಗಲ 19 ಮಿ.ಮೀ. ಇವಳು ನ್ಯಾಯದೇವತೆಯೇ? ಕಾಸು ಅಸಲಿಯೇ ಅಂತ ಮನೆಯಲ್ಲಿ ನೋಡೋದು ಹೇಗೆ?

ಬೇಲೂರು_ಟಂಕ:
ನ್ಯಾಯದೇವತೆ ಅಲ್ಲ ಸರ್. ರೋಮನ್ ನಾಣ್ಯದಲ್ಲಿ ನ್ಯಾಯದೇವತೆ ಯುಸ್ಟಿಟಿಯಾ ಸಾಮಾನ್ಯವಾಗಿ ಹಿಡಿಯೋದು ಹವಿಸ್ಸಿನ ತಟ್ಟೆ ಮತ್ತು ರಾಜದಂಡ. ತಕ್ಕಡಿ ಈಕ್ವಿಟಾಸ್‌ಳದು, ಅಂದರೆ ಸರಿತೂಕದ ವ್ಯವಹಾರ. ಎಡಗೈಯ ಕೊಂಬು ಸಮೃದ್ಧಿಯ ಕೊಂಬು. ಆದರೆ ಟಂಕಸಾಲೆಯ ದೇವತೆ ಮೊನೆಟಾಳ ಕೈಯಲ್ಲೂ ಇವೆರಡೇ ಇರುತ್ತವೆ. ಹೆಸರು ಕೆತ್ತಿದ್ದರೆ ಮಾತ್ರ ಇಬ್ಬರನ್ನೂ ಬೇರೆ ಮಾಡಲು ಸಾಧ್ಯ. ಆಂಟೋನಿನಸ್ ಪಯಸ್‌ನ (ಆಳ್ವಿಕೆ ಕ್ರಿ.ಶ. 138–161) ಎಷ್ಟೋ ಕಾಸುಗಳಲ್ಲಿ ಸುತ್ತ ದೊರೆಯ ಪದವಿಗಳಷ್ಟೇ ಇರುತ್ತವೆ, ದೇವತೆಯ ಹೆಸರಿರಲ್ಲ. ಆಗ ಉಳಿದ ದೇವತೆಗಳನ್ನಾದರೆ ಬೇಲೂರಿನ ಗೋಡೆಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕೈಲಿದೆ ಅಂತ ನೋಡಿ ಮೂರ್ತಿ ಗುರುತಿಸಿದ ಹಾಗೆಯೇ ನೋಡಬೇಕು. ಮುಸುಕು ಹೊದ್ದು ಬಲಿಪೀಠದ ಮುಂದೆ ನಿಂತವಳು ಪಿಯೆಟಾಸ್, ಭಕ್ತಿ. ಶಿರಸ್ತ್ರಾಣ, ಈಟಿ ಇದ್ದರೆ ವಿರ್ಟುಸ್. ಅದನ್ನು ‘ಸದ್ಗುಣ’ ಅಂತ ಅನುವಾದಿಸಬೇಡಿ. ಪುರುಷನಿಂದ ಪೌರುಷ ಬಂದ ಹಾಗೆ ‘ವಿರ್’ನಿಂದ ವಿರ್ಟುಸ್.

ಚಿಕ್ಕಮಗಳೂರು_ತೂಕ:
ರೋಮಿನ ದೊರೆ ನೀರೋ ಕ್ರಿ.ಶ. 64ರಲ್ಲಿ ಇದರ ತೂಕವನ್ನು ಒಂದು ರೋಮನ್ ಪೌಂಡಿಗೆ 45 ಕಾಸು ಅಂತ ಇಳಿಸಿದ ಮೇಲೆ ಒಂದೊಂದು ಸುಮಾರು 7.3 ಗ್ರಾಂ. ಕೊಂಡಿ ಕಳೆದರೆ ನಿಮ್ಮದು ಅಲ್ಲಿಗೇ ಬರುತ್ತೆ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಕಾಸನ್ನು ತೆಳು ದಾರದಲ್ಲಿ ಪೂರ್ತಿ ಮುಳುಗಿಸಿ, ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು. ಒಟ್ಟು ತೂಕವನ್ನು ಆಗ ಬಂದ ಅಂಕಿಯಿಂದ ಭಾಗಿಸಿ, ಸಾಂದ್ರತೆ ಸಿಗುತ್ತೆ. ಅಪ್ಪಟ ಚಿನ್ನಕ್ಕೆ 19.3, ಈಗಿನ 22 ಕ್ಯಾರೆಟ್‌ಗೆ 17.7ರ ಹತ್ತಿರ. ಕೊಂಡಿಯ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ಲೆಕ್ಕ ಕೆಡುತ್ತೆ, ನೀರಿಗೆ ಒಂದು ಹನಿ ಸೋಪು ಬಿಡಿ. ಮೂರು ಸಲ ತೂಗಿ. ಇಷ್ಟು ಸಣ್ಣ ಅಂಕಿಯಲ್ಲಿ 0.01 ತಪ್ಪಿದರೂ ಉತ್ತರ ಸುಮಾರು 0.5ರಷ್ಟು ಜರುಗುತ್ತೆ.

ಹಾಸನ_ಕಾಸು:
ಮೂರೂ ಸಲ 0.40. ಅಂದರೆ 19.05.

ಚಿಕ್ಕಮಗಳೂರು_ತೂಕ:
ಲೋಹ ಸರಿಯಿದೆ, ಆ ಸ್ವಲ್ಪ ಕಮ್ಮಿ ಕೊಂಡಿ, ಬೆಸುಗೆಯದು. ಆದರೆ ಅಪ್ಪಟ ಚಿನ್ನದಲ್ಲೂ ನಕಲು ಎರೆಯುತ್ತಾರೆ. 10 ಪಟ್ಟು ಮಸೂರದಲ್ಲಿ ಅಂಚು ನೋಡಿ: ಸುತ್ತ ಸಣ್ಣ ಗೆರೆ ಅಥವಾ ಅರ ತಿಕ್ಕಿದ ಗುರುತಿದ್ದರೆ ಎರಕ ಇರಬಹುದು. ಅಚ್ಚೊತ್ತಿದ್ದರಲ್ಲಿ ಅಕ್ಷರದ ಬುಡ ಚೂಪಾಗಿರುತ್ತೆ, ಎರಕದಲ್ಲಿ ಉರುಟು, ಸೂಜಿಮೊನೆಯಷ್ಟು ಗುಳಿಗಳು.

ಬೇಲೂರು_ಟಂಕ:
ಅಕ್ಷರ ಅರ್ಥವಿಲ್ಲದ ಗೀಟುಗಳಾಗಿದ್ದರೆ ಬಿಸಾಡಬೇಡಿ! ಆ ಕಾಲದಲ್ಲೇ ನಮ್ಮ ನಾಡಿನಲ್ಲಿ ರೋಮನ್ ಕಾಸು ನೋಡಿ ಅಚ್ಚುಹಾಕಿದ ಅನುಕರಣೆಗಳೂ ಇವೆ, ಅವೂ ಅಮೂಲ್ಯ. ಕೊಂಡಿ ಬಿಚ್ಚಿಸಲು, ಪಾಲಿಶ್ ಹಾಕಿಸಲು ಮಾತ್ರ ಅಕ್ಕಸಾಲಿಗೆ ಕೊಡಬೇಡಿ. ಬೆಂಕಿ ಸೋಕಿದರೆ ತಕ್ಕಡಿಯ ತಟ್ಟೆಯಂಥ ನವುರು ಗೆರೆಗಳೇ ಮೊದಲು ಹೋಗೋದು.