‘ಅಡ್ಡಪರಿಣಾಮ’ ಒಂದೇ ಪದ ಸಾಕೇ?

ಗೆಳೆಯರೇ, ನಾಯಿ, ಬೆಕ್ಕು ಸಾಕುವವರಿಗೆ ಲಸಿಕೆಯ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಲಸಿಕೆ ಹಾಕಿಸಿಕೊಂಡ ನಾಯಿ ಒಂದೆರಡು ದಿನ ಮಂಕಾಗಿ ಮಲಗಬಹುದು. ಮೈ ಸ್ವಲ್ಪ ಬಿಸಿಯಾಗಬಹುದು, ಊಟ ಸೇರದಿರಬಹುದು. ಇದಕ್ಕೆ ‘ಅಡ್ಡಪರಿಣಾಮ’ ಸರಿಯಾಗಿಯೇ ಇದೆ. ಆದರೆ ಅಪರೂಪಕ್ಕೆ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಮುಖ ಊದಿಕೊಳ್ಳುತ್ತದೆ, ಮೈತುಂಬ ದದ್ದು ಏಳುತ್ತದೆ, ಮೇಲಿಂದ ಮೇಲೆ ವಾಂತಿಯಾಗುತ್ತದೆ, ಉಸಿರಾಡಲು ಕಷ್ಟವಾಗುತ್ತದೆ. ಆಗ ಕಾಯುವಂತಿಲ್ಲ, ವೈದ್ಯರ ಹತ್ತಿರ ಓಡಬೇಕು. ಇದಕ್ಕೂ ಅದೇ ಪದ ಬಳಸಿದರೆ, ‘ಅಡ್ಡಪರಿಣಾಮ ತಾನೇ, ನಾಳೆ ಸರಿಹೋಗುತ್ತೆ’ ಅಂತ ಯಾರಾದರೂ ಸುಮ್ನೆ ಕೂತುಬಿಟ್ಟಾರು. ನನ್ನ ಚಿಂತೆ ಅದೇ.

‘ದುಷ್ಪರಿಣಾಮ’ ಅಂದರೆ ಓದುವವರು ಹೆದರಿ ಲಸಿಕೆಯನ್ನೇ ಬಿಟ್ಟಾರು. ರೇಬೀಸ್‌ನಂಥ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಪ್ರಾಣಿಯನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಆ ಹೆದರಿಕೆ ನನ್ನ ಬರಹದಿಂದ ಹುಟ್ಟಬಾರದು. ‘ನಂಜು’ ಕೂಡ ಬೇಡ ಅನಿಸುತ್ತದೆ. ಸೂಜಿ ಕೊಳೆಯಾಗಿತ್ತು, ಮದ್ದು ಕೆಟ್ಟಿತ್ತು ಅನ್ನುವ ಅರ್ಥ ಬಂದುಬಿಡುತ್ತದೆ.

ನನ್ನ ಒಲವು ‘ಒಗ್ಗದಿಕೆ’ಯ ಕಡೆ. ‘ಆ ಮದ್ದು ಮೈಗೆ ಒಗ್ಗಲಿಲ್ಲ’ ಅಂತ ಹೇಗೂ ಹೇಳುತ್ತೇವಲ್ವಾ? ಆದರೆ ಮೇಲೆ ಹೇಳಿದ, ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿಗೆ, ಅಂದರೆ ಅನಾಫಿಲಾಕ್ಸಿಸ್‌ಗೆ, ಅದು ಮೆದುವಾಯಿತು. ಅನಾಫಿಲಾಕ್ಸಿಸ್ ಅನ್ನುವ ಪದ ಹುಟ್ಟಿದ್ದೇ ನಾಯಿಗಳಿಂದ. 1902ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೇ ಒಂದು ಕಡಲಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿದ್ದರು. ಕೆಲವು ವಾರ ಬಿಟ್ಟು ಮತ್ತೆ ಚೂರೇ ಚೂರು ಕೊಟ್ಟಾಗ, ಮೈ ಆ ವಿಷವನ್ನು ತಾಳಿಕೊಳ್ಳುವ ಬದಲು ನಾಯಿ ಸತ್ತೇಹೋಯಿತು. ಗ್ರೀಕ್‌ನಲ್ಲಿ ‘ಫಿಲಾಕ್ಸಿಸ್’ ಅಂದರೆ ಕಾಪು. ಅದಕ್ಕೆ ಎದುರಾದದ್ದು ಅಂತ ಈ ಹೆಸರಿಟ್ಟರು. ಕನ್ನಡದಲ್ಲಿ ‘ಮೈ ತಿರುಗಿಬೀಳುವುದು’ ಅನ್ನಬಹುದೇ? ಕಾಯಬೇಕಾದದ್ದೇ ತಿರುಗಿಬಿತ್ತು ಅನ್ನುವ ಅರ್ಥ ಅದರಲ್ಲಿದೆ.

ಇನ್ನೊಂದು ಸಣ್ಣ ಗೊಂದಲ. ಚುಚ್ಚಿದ ಜಾಗದಲ್ಲಿ ಏಳುವುದನ್ನು ‘ಗಂಟು’ ಅನ್ನಲೇ, ‘ಗಡ್ಡೆ’ ಅನ್ನಲೇ? ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ನೆನಪಾಗುತ್ತದೆ. ಹೆಚ್ಚಿನ ಗಂಟುಗಳು ತಾವೇ ಕರಗುತ್ತವೆ. ಬೆಕ್ಕಿನಲ್ಲಿ ಮಾತ್ರ ಗಂಟು 3 ತಿಂಗಳಾದರೂ ಉಳಿದರೆ, 2 ಸೆಂಟಿಮೀಟರ್‌ಗಿಂತ ದೊಡ್ಡದಾದರೆ, ಅಥವಾ 1 ತಿಂಗಳ ಮೇಲೂ ಬೆಳೆಯುತ್ತಿದ್ದರೆ ವೈದ್ಯರು ಪರೀಕ್ಷಿಸಲೇಬೇಕು. ಹಾಗಾಗಿ ಮೊದಲು ‘ಗಂಟು’ ಅಂತಲೇ ಬರೆದಿದ್ದೇನೆ.

ನಿಮ್ಮ ಮನೆಮಾತಿನಲ್ಲಿ ಇವಕ್ಕೆಲ್ಲ ಏನನ್ನುತ್ತಾರೆ? ಪ್ರಾಣಿ ಸಾಕಿದ ಹಿರಿಯರ ಬಾಯಲ್ಲಿ ಕೇಳಿದ ಪದವಿದ್ದರೆ ದಯವಿಟ್ಟು ತಿಳಿಸಿ.