ಎಡಿಎಚ್‌ಡಿ ಇರುವ ಹುಡುಗ ಅಮೆರಿಕದ ಸೇನೆಗೆ ಸೇರಬಹುದಾ?

ಪ್ರಶ್ನೆ:
ನಮ್ಮ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು, ಈಗ ಹನ್ನೊಂದನೇ ತರಗತಿ. ಚಿಕ್ಕವನಿದ್ದಾಗಲೇ ಗಮನ ಒಂದೆಡೆ ನಿಲ್ಲದೆ ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ಅಂತ ಗೊತ್ತಾಯಿತು, ಅಂದಿನಿಂದ ಅದರ ಮಾತ್ರೆ ಮೀಥೈಲ್‌ಫೆನಿಡೇಟ್ ನಡೆಯುತ್ತಿದೆ. ಈಗ ಆರ್ಮಿಗೆ ಸೇರಲೇಬೇಕು ಅಂತ ಹಠ ಹಿಡಿದಿದ್ದಾನೆ. ನಾಳೆಯಿಂದಲೇ ಮಾತ್ರೆ ಬಿಡುತ್ತೇನೆ, ಅರ್ಜಿಯಲ್ಲಿ ಏನೂ ಬರೆಯುವುದಿಲ್ಲ ಅಂತಾನೆ. ನನಗೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಎಡಿಎಚ್‌ಡಿ ಇದೆ ಅಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಅವರ ರಕ್ಷಣಾ ಇಲಾಖೆಯ ನಿಯಮ ನಾಲ್ಕು ವಿಷಯ ನೋಡುತ್ತದೆ: ಕಳೆದ 24 ತಿಂಗಳಲ್ಲಿ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರಾ, 14 ತುಂಬಿದ ಮೇಲೆ ಶಾಲೆಯಲ್ಲಿ ಐಇಪಿ ಅಥವಾ 504 ಪ್ಲಾನ್ (ಇಂಥ ಮಕ್ಕಳಿಗೆ ಶಾಲೆ ಮಾಡುವ ವಿಶೇಷ ಸೌಲಭ್ಯದ ಯೋಜನೆ) ಇತ್ತಾ, ಜೊತೆಗೆ ಬೇರೆ ಮಾನಸಿಕ ತೊಂದರೆ ಇತ್ತಾ, ಓದು ಅಥವಾ ಕೆಲಸ ಹಾಳಾದ ದಾಖಲೆ ಇದೆಯಾ. ಒಂದಕ್ಕೆ ಹೌದು ಅಂದರೂ ಅನರ್ಹ. ಆಮೇಲೆ ಉಳಿಯುವುದು ವೇವರ್, ಅಂದರೆ ನಿಯಮದಿಂದ ವಿನಾಯಿತಿ. ಅದು ಕೊಡಲೇಬೇಕು ಅಂತೇನೂ ಇಲ್ಲ, ಒಬ್ಬೊಬ್ಬರ ಫೈಲ್ ನೋಡಿ ತೀರ್ಮಾನ ಮಾಡುತ್ತಾರೆ.

ಉತ್ತರ 2:
ಮುಚ್ಚಿಡುವ ಯೋಚನೆ ದಯವಿಟ್ಟು ಬಿಡಿಸಿ. 2022ರಿಂದ ವೈದ್ಯಕೀಯ ತಪಾಸಣೆಯಲ್ಲಿ ಜೆನೆಸಿಸ್ ಅನ್ನುವ ವ್ಯವಸ್ಥೆ ಇದೆ, ಹಳೆಯ ಆಸ್ಪತ್ರೆ ಮತ್ತು ಔಷಧಿ ದಾಖಲೆಗಳು ಅಲ್ಲಿನ ಡಾಕ್ಟರ ಕಂಪ್ಯೂಟರಿಗೇ ಬರುತ್ತವೆ. ಸುಳ್ಳು ಹೇಳಿ ಸೇರಿದ್ದು ಗೊತ್ತಾದರೆ ಸೇನಾ ಕಾನೂನಿನಲ್ಲಿ ಅದು ಅಪರಾಧ. ರಿಕ್ರೂಟರ್ ಒಬ್ಬರು "ಸುಮ್ನೆ ಇಲ್ಲ ಅಂತ ಬರಿ" ಅಂದರೂ ಸಹಿ ಹಾಕುವವನು ನಿಮ್ಮ ಮಗ, ಅಲ್ವಾ?

ಉತ್ತರ 3:
ನನಗೂ ಎಡಿಎಚ್‌ಡಿ ಇದೆ, ಆದ್ದರಿಂದ ಮಾತ್ರೆ ಬಗ್ಗೆ ಹೇಳುತ್ತೇನೆ. 24 ತಿಂಗಳ ಲೆಕ್ಕ ಶುರುವಾಗಲಿ ಅಂತ ಮನೆಯಲ್ಲೇ ನಿಲ್ಲಿಸಬೇಡಿ. ಮೀಥೈಲ್‌ಫೆನಿಡೇಟ್ ಪರಿಣಾಮ ಕೆಲವು ಗಂಟೆಗಳದ್ದು, ಹಾಗಾಗಿ ಬಿಟ್ಟ ಮರುದಿನವೇ ಹಳೆಯ ಚಡಪಡಿಕೆ ವಾಪಸ್ ಬರಬಹುದು, ಅದೂ ಪರೀಕ್ಷೆ ಮತ್ತು ಡ್ರೈವಿಂಗ್ ಕಲಿಯುವ ವಯಸ್ಸಿನಲ್ಲಿ. ಗ್ವಾನ್‌ಫಸೀನ್ ಅನ್ನುವ ಇನ್ನೊಂದು ಮಾತ್ರೆ ಕೂಡ ಇದ್ದರೆ ಇನ್ನೂ ಹುಷಾರು, ಅದನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಏರಬಹುದು. ಡಾಕ್ಟರ ಜೊತೆ ಕೂತು ಮಾತಾಡಿಯೇ ಮಾತ್ರೆ ಬಿಡಲಿ. ಮಾತ್ರೆ ಇಲ್ಲದೆ ಒಂದು ಸೆಮಿಸ್ಟರ್ ಹೇಗೆ ಹೋಗುತ್ತದೆ ಅಂತ ಅವನೇ ನೋಡಲಿ. ತರಬೇತಿಯಲ್ಲಿ ಏಳುವುದರಿಂದ ಮಲಗುವವರೆಗೆ ಯಾರಾದರೂ ಹೇಳುತ್ತಲೇ ಇರುತ್ತಾರೆ, ಅದು ನಮ್ಮಂಥವರಿಗೆ ಒಗ್ಗಬಹುದು. ಕಷ್ಟ ಇರುವುದು ರಾತ್ರಿ ಕಾವಲಿನಲ್ಲಿ. ಗಂಟೆಗಟ್ಟಲೆ ಏನೂ ಆಗುವುದಿಲ್ಲ, ಆದರೂ ಕಣ್ಣು ಅಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು:
504 ಪ್ಲಾನ್ ಕಳೆದ ವರ್ಷದವರೆಗೂ ಇತ್ತು. ಹಾಗಾದರೆ ಮುಗಿಯಿತಾ?

ಉತ್ತರ 1:
ಮುಗಿದಿಲ್ಲ, ಆದರೆ ವೇವರ್ ಬೇಕೇ ಬೇಕು. ಮಾತ್ರೆ ಮತ್ತು ಆ ಸೌಲಭ್ಯ ಎರಡೂ ಇಲ್ಲದೆ ಬಂದ ಅಂಕಪಟ್ಟಿ, ಡಾಕ್ಟರ ಪತ್ರ, ಎಲ್ಲಾದರೂ ಕೆಲಸ ಮಾಡಿದ್ದರೆ ಅವರ ಪತ್ರ, ಈಗಿನಿಂದಲೇ ಒಂದು ಫೈಲಿನಲ್ಲಿ ಇಡಿ. ಆರ್ಮಿ ಬೇಡ ಅಂದರೂ ನೇವಿ, ಏರ್‌ಫೋರ್ಸ್ ಬೇರೆಯಾಗಿಯೇ ನೋಡುತ್ತವೆ.